ಬೆಳಗಾವಿ–ಬೆಂಗಳೂರು ವಿಮಾನ ದೂರ ಎಷ್ಟು? ಈ ಲೆಕ್ಕದ ಹಿಂದಿದ್ದಾನೆ ಲ್ಯಾಂಬ್ಟನ್!

ಸಂಕೇಶ್ವರದವರು ಬೆಂಗಳೂರಿಗೆ ವಿಮಾನದಲ್ಲಿ ಹೋಗಬೇಕೆಂದರೆ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಬರಬೇಕು. ಅಲ್ಲಿಂದ ಬೆಂಗಳೂರಿಗೆ ರಸ್ತೆಯಲ್ಲಾದರೆ 500 ಕಿ.ಮೀ. ದಾಟುತ್ತದೆ. ಆಕಾಶದಲ್ಲಿ ಸುಮಾರು 445 ಕಿ.ಮೀ. ಮಾತ್ರ. ಮೊಬೈಲ್ ಇದನ್ನು ಕ್ಷಣದಲ್ಲಿ ಹೇಳುತ್ತದೆ. ಆದರೆ ಭೂಮಿ ಚಪ್ಪಟೆ, ಈ ಲೆಕ್ಕವೆಲ್ಲ ಸುಳ್ಳು ಎನ್ನುವ ಫಾರ್ವರ್ಡ್‌ಗಳೂ ಅದೇ ಮೊಬೈಲ್‌ಗೆ ಬರುತ್ತವೆ. ಅದಕ್ಕೆ ಉತ್ತರ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಅಧಿಕಾರಿಯ ಬದುಕಿನಲ್ಲಿದೆ.

ಯಾರು ಈ ಲ್ಯಾಂಬ್ಟನ್?

1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಆತ ಬ್ರಿಟಿಷ್ ಸೇನೆಯಲ್ಲಿದ್ದ. ಒಂದು ರಾತ್ರಿ ತುಕಡಿ ದಾರಿ ತಪ್ಪಿ ಶತ್ರುವಿನ ಕಡೆಗೇ ನಡೆಯುತ್ತಿದ್ದುದನ್ನು ನಕ್ಷತ್ರ ನೋಡಿಯೇ ಕಂಡುಹಿಡಿದ. ಮರುವರ್ಷ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಎಳೆದು, ಏಳೂವರೆ ಮೈಲಿಗೆ ತುಸು ಕಡಿಮೆ ಉದ್ದದ ನೇರ ಗೆರೆಯನ್ನು ಅಳೆದ. 1802ರಲ್ಲಿ ಮದರಾಸಿನಿಂದ ದೊಡ್ಡ ಸಮೀಕ್ಷೆ ಶುರುವಾಯಿತು.

ವಿಧಾನ ಸರಳ. ಒಂದು ಗೆರೆಯನ್ನು ನಿಖರವಾಗಿ ಅಳೆಯುವುದು, ಅದರ ಎರಡೂ ತುದಿಯಿಂದ ದೂರದ ಗುಡ್ಡದ ಕೋನ ನೋಡುವುದು. ತ್ರಿಕೋನದ ಉಳಿದ ಎರಡು ಬದಿಯನ್ನು ಗಣಿತವೇ ಹೇಳುತ್ತದೆ. ಹೀಗೆ ಮಂಗಳೂರಿನವರೆಗೆ ಅಳೆದಾಗ ಒಂದು ಅಚ್ಚರಿ ಕಾದಿತ್ತು. ಹಳೆಯ ನಕ್ಷೆಗಳು ಮದರಾಸು–ಮಂಗಳೂರು ಅಂತರ ಸುಮಾರು 400 ಮೈಲಿ ಎನ್ನುತ್ತಿದ್ದವು. ನಿಜಕ್ಕೂ ಇದ್ದದ್ದು 360!

ಆದರೂ ಹಣಕಾಸು ಸಮಿತಿಯ ಸದಸ್ಯನೊಬ್ಬ ಅಣಕಿಸಿದ: ಶ್ರೀರಂಗಪಟ್ಟಣಕ್ಕೆ ಹೋಗಲು ನಕ್ಷೆ ಏಕೆ, ಪಲ್ಲಕ್ಕಿ ಹೊರುವವರಿಗೆ ಹೇಳಿದರೆ ಸಾಲದೇ ಎಂದು. ಲ್ಯಾಂಬ್ಟನ್ ನಿಲ್ಲಿಸಲಿಲ್ಲ. 1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಅರ್ಧ ಟನ್ ತೂಕದ ಕೋನಮಾಪಕ ಜಖಂ ಆಯಿತು. ವಾರಗಟ್ಟಲೆ ಕೂತು ತಾನೇ ಅದನ್ನು ಸರಿಮಾಡಿದ. 1823ರಲ್ಲಿ, ಎಪ್ಪತ್ತರ ಆಸುಪಾಸಿನಲ್ಲಿ, ಇಂದಿನ ಮಹಾರಾಷ್ಟ್ರದ ಹಿಂಗನಘಾಟ್‌ನಲ್ಲಿ ಕೆಲಸದ ನಡುವೆಯೇ ತೀರಿಕೊಂಡ. ಭೂಮಿ ದುಂಡಗಿದೆ, ಧ್ರುವಗಳ ಬಳಿ ತುಸು ಚಪ್ಪಟೆಯಾಗಿದೆ ಎಂಬುದಕ್ಕೆ ಆತನ ಅಳತೆಗಳೂ ಬಲ ತುಂಬಿದವು.

ಈಗ ನಾವೇ ಲೆಕ್ಕ ಹಾಕೋಣ

ಸಾಂಬ್ರಾ ಮತ್ತು ಬೆಂಗಳೂರು ನಿಲ್ದಾಣಗಳ ನಡುವೆ ಅಕ್ಷಾಂಶದ ವ್ಯತ್ಯಾಸ 2.66 ಡಿಗ್ರಿ. ಡಿಗ್ರಿಗೆ 111 ಕಿ.ಮೀ.ನಂತೆ 295 ಕಿ.ಮೀ. ರೇಖಾಂಶದ ವ್ಯತ್ಯಾಸ 3.09 ಡಿಗ್ರಿ. ಭೂಮಿ ದುಂಡಗಿರುವುದರಿಂದ ನಮ್ಮ ಭಾಗದಲ್ಲಿ ಇದು ಡಿಗ್ರಿಗೆ ಸುಮಾರು 107.5 ಕಿ.ಮೀ. ಮಾತ್ರ, ಅಂದರೆ 332 ಕಿ.ಮೀ. ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಿರಿ: ಸುಮಾರು 445! ಭೂಮಿಯ ವಕ್ರತೆ ಎದ್ದು ಕಾಣುವಷ್ಟು ದೂರದ ಊರುಗಳಿಗೆ ಈ ಸುಲಭ ಲೆಕ್ಕ ಸಾಲದು, ಗೋಳದ ಗಣಿತ ಬೇಕು.

ಸಮಯ? ಗಂಟೆಗೆ 500 ಕಿ.ಮೀ. ಹಾರುವ ಸಣ್ಣ ವಿಮಾನಕ್ಕೆ 53 ನಿಮಿಷ. ಆದರೆ ರನ್‌ವೇಗೆ ಹೋಗುವುದು, ಏರುವುದು, ಇಳಿಯುವುದು ಎಲ್ಲ ಸೇರಿ ಒಂದು ಗಂಟೆ ದಾಟುತ್ತದೆ. ಟಿಕೆಟ್‌ನಲ್ಲಿ ಹೆಚ್ಚು ಸಮಯ ಕಂಡರೆ ಅದು ಮೋಸವಲ್ಲ.

ಚಪ್ಪಟೆ ಭೂಮಿಯ ಫಾರ್ವರ್ಡ್ ಮತ್ತೆ ಬಂದರೆ ಜಗಳ ಬೇಡ. ಈ ಲೆಕ್ಕವನ್ನೇ ಕಳಿಸಿ, ಅವರೂ ಹಾಕಿ ನೋಡಲಿ.