ಬಂದಣಿಕೆಯ ಜಕ್ಕಿಯಬ್ಬೆ

ರೂಪವು ಪುಣ್ಯೋದಯದಿಂದ ದೊರೆಯತಕ್ಕದ್ದು. ಆದರೆ ರೂಪವಂತರೆಲ್ಲರೂ ವಿವೇಕಿಗಳಾಗುವುದಿಲ್ಲ. ಸ್ವಾಮಿ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳನ್ನು ಎಣಿಸುವಾಗ ಜ್ಞಾನಮದದಿಂದ ಆರಂಭಿಸಿ ಶರೀರಮದದಲ್ಲಿ ಮುಗಿಸಿದ್ದಾರೆ. ಬಲ್ಲೆನೆಂಬ ಗರ್ವವೂ ಚೆಲುವಿನ ಗರ್ವವೂ ಒಂದೇ ಸಾಲಿನಲ್ಲಿವೆ. ಅರಿವು, ಚೆಲುವು ಎರಡನ್ನೂ ಪಡೆದು, ಕಡೆಗೆ ಎರಡರ ಮೋಹದಿಂದಲೂ ಬಿಡಿಸಿಕೊಂಡ ಶ್ರಾವಿಕೆಯೊಬ್ಬಳ ಚರಿತ್ರೆ ನಮ್ಮ ಶಿವಮೊಗ್ಗ ಜಿಲ್ಲೆಯ ಕಲ್ಲಿನಲ್ಲಿಯೇ ಉಳಿದುಬಂದಿದೆ.

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯು ಇಂದು ಪಾಳುಗುಡಿಗಳ ಸ್ಥಳ. ಪೂರ್ವದಲ್ಲಿ ಅದು ಬಂದಣಿಕೆಯೆಂಬ ತೀರ್ಥವಾಗಿತ್ತು. ರಾಷ್ಟ್ರಕೂಟರ ಕಾಲದಲ್ಲಿ ಮಹಾಸಾಮಂತ ಕಲಿವಿಟ್ಟರಸನು ಬನವಾಸಿ 12000ವನ್ನು ಆಳುತ್ತಿದ್ದನು. ಅದರೊಳಗಿನ ನಾಗರಖಂಡ 70ಕ್ಕೆ ಸತ್ತರಸ ನಾಗಾರ್ಜುನನು ನಾಳ್ಗಾವುಂಡನಾಗಿದ್ದನು. ಸುಮಾರು ಕ್ರಿ.ಶ. 911ರಲ್ಲಿ ಅವನು ಮರಣ ಹೊಂದಲು, ರಾಜಾಜ್ಞೆಯಿಂದ ಆ ಪದವಿಯು ಅವನ ಪತ್ನಿ ಜಕ್ಕಿಯಬ್ಬೆಗೆ ಬಂದಿತು.

ಪತಿವಿಯೋಗದ ದುಃಖದಲ್ಲಿ ಪ್ರಾಣ ನೀಗುವುದನ್ನೇ ಲೋಕವು ಹಲವು ಸಲ ಧರ್ಮವೆಂದು ಹೊಗಳಿದೆ. ಬೆಂಕಿಯಲ್ಲಿ ಬೀಳುವುದನ್ನೂ ಬೆಟ್ಟದಿಂದ ಧುಮುಕುವುದನ್ನೂ ನಮ್ಮ ಆಚಾರ್ಯರು ಲೋಕಮೂಢತೆಯಲ್ಲಿ ಸೇರಿಸಿದ್ದಾರೆ. ಜಕ್ಕಿಯಬ್ಬೆಯು ಆ ದಾರಿ ಹಿಡಿಯದೆ ನಾಡಿನ ಭಾರವನ್ನು ಹೊತ್ತಳು. ಅವಳ ಚೆಲುವು, ಆಡಳಿತದ ಸಾಮರ್ಥ್ಯ, ಪರಾಕ್ರಮ ಮತ್ತು ಜಿನಶಾಸನದ ಭಕ್ತಿಯನ್ನು ಬಂದಣಿಕೆಯ ಶಾಸನವು ಒಟ್ಟಿಗೇ ಕೊಂಡಾಡುತ್ತದೆ. ಹೆಣ್ಣಾಗಿಯೂ ನಾಗರಖಂಡವನ್ನು ಚೆನ್ನಾಗಿ ರಕ್ಷಿಸಿದಳೆಂದು ಅದರ ಅಭಿಪ್ರಾಯ.

ಕೆಲಕಾಲದ ಮೇಲೆ ದೇಹಕ್ಕೆ ವ್ಯಾಧಿಯು ಸೇರಿತು. ಸಂಸಾರಭೋಗವು ನಿಸ್ಸಾರವೆಂದು ಅವಳಿಗೆ ತೋರಿತು. ಮಗಳನ್ನು ಕರೆಯಿಸಿ ತನ್ನ ಸಂಪತ್ತನ್ನು ಒಪ್ಪಿಸಿದಳು; ಆಸೆಯ ಸಂಕೋಲೆಯನ್ನು ಕಳಚಿದಳು; ಬಂದಣಿಕೆಯ ಬಸದಿಗೆ ಬಂದು ಸಲ್ಲೇಖನವ್ರತವನ್ನು ಸ್ವೀಕರಿಸಿ ದೇಹವನ್ನು ಬಿಟ್ಟಳು.

ಇಲ್ಲಿ ಕ್ರಮವನ್ನು ಗಮನಿಸಬೇಕು. ಶೋಕವು ಹೊಸದಾಗಿದ್ದಾಗ ಅವಳು ವ್ರತವನ್ನು ಬಯಸಲಿಲ್ಲ, ಕರ್ತವ್ಯವನ್ನು ಬಯಸಿದಳು. ಕರ್ತವ್ಯವು ತೀರಿ, ದೇಹವು ಸಹಕರಿಸದಾದಾಗ ವ್ರತಕ್ಕೆ ಬಂದಳು. ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವುಗಳಲ್ಲಿ ಮಾತ್ರ ಸಲ್ಲೇಖನವು ವಿಹಿತ. ಬದುಕಿನ ಆಸೆಯಂತೆ ಮರಣದ ಆಸೆಯೂ ಅದಕ್ಕೆ ಅತಿಚಾರವೇ. ಬೇಸರದಿಂದ ಸಾವನ್ನು ಕರೆಯುವವನಿಗೂ ವ್ರತಿಗೂ ಇರುವ ಅಂತರವಿದು.

2015ರ ಆಗಸ್ಟ್‌ನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಈ ವ್ರತವನ್ನು ಆತ್ಮಹತ್ಯೆಗೆ ಸಮಾನವೆಂದು ಎಣಿಸಿತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ಹೊರಗಿನವರಿಗೆ ಉತ್ತರ ಹೇಳುವ ಮೊದಲು ನಮ್ಮ ಮನೆಗಳಲ್ಲಿ ಈ ಅಂತರವು ಸ್ಪಷ್ಟವಾಗಿರಬೇಕು. ಕಾಯಿಲೆಯ ಹಿರಿಯರಿಗೆ ಔಷಧೋಪಚಾರ ಮಾಡುವುದು ವೈಯಾವೃತ್ಯ. ಅವರು ಮನೆಗೆ ಭಾರವೆಂಬ ಭಾವನೆ ಅವರ ಮನಸ್ಸಿನಲ್ಲಿ ಹುಟ್ಟುವಂತೆ ನಡೆದುಕೊಳ್ಳುವುದು ಪಾಪ. ಹಾಗೆ ಹುಟ್ಟಿದ ಉಪವಾಸಕ್ಕೆ ವ್ರತವೆಂಬ ಹೆಸರು ಸಲ್ಲದು.

ನಮ್ಮ ಗಾಜನೂರಿನ ಕಟ್ಟೆಯು ತುಂಗೆಯನ್ನು ಬತ್ತಿಸುವುದಿಲ್ಲ. ನೀರನ್ನು ತಡೆದು, ಬೇಕಾದೆಡೆಗೆ ಕಾಲುವೆಯಲ್ಲಿ ಹರಿಸುತ್ತದೆ. ಶ್ರಾವಕನ ಅಷ್ಟಮಿ, ಚತುರ್ದಶಿಗಳ ಉಪವಾಸವೂ ಅಂತಹುದೇ. ಹಸಿವನ್ನು ಒಂದು ದಿನ ಸಮತೆಯಿಂದ ಕಂಡವನು, ದೇಹವು ತಾನಲ್ಲವೆಂಬುದನ್ನು ಅಷ್ಟರ ಮಟ್ಟಿಗೆ ಅರಿತನು. ದೇಹವನ್ನೇ ತಾನೆಂದು ಬಗೆಯುವುದು ಮೌಢ್ಯ; ಅದನ್ನು ಧರ್ಮಸಾಧನೆಗೆ ದೊರೆತ ಉಪಕರಣವೆಂದು ಕಾಪಾಡುವುದು ವಿವೇಕ. ಜಕ್ಕಿಯಬ್ಬೆಯ ರೂಪವು ರೋಗಕ್ಕೆ ಸಂದಿತು. ನಾಡನ್ನು ಕಾಯ್ದ ಅವಳ ನಡತೆಯನ್ನೂ, ಕಡೆಯಲ್ಲಿ ಅವಳು ತೋರಿದ ಶಾಂತಿಯನ್ನೂ ಸಾವಿರದ ನೂರು ವರ್ಷಗಳ ತರುವಾಯವೂ ಬಂದಣಿಕೆಯ ಕಲ್ಲು ಹೇಳುತ್ತಿದೆ.