ನೆಲಮಾಳಿಗೆಯ ರೈಲುದಾರಿ

ನಮ್ಮ ಕಾಲೇಜಿನ ಹಿರಿಯ ಅಧ್ಯಾಪಕರೊಬ್ಬರು ಈಚೆಗೆ ನಿವೃತ್ತರಾದರು. ಬೀಳ್ಕೊಡುಗೆಯ ಹಾರವನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುವಾಗ, ನಾಳೆ ಬೆಳಗ್ಗೆ ಎದ್ದು ಏನು ಮಾಡಬೇಕೆಂಬುದೇ ತಮಗೆ ತೋಚುತ್ತಿಲ್ಲವೆಂದು ಅವರು ನನ್ನೊಡನೆ ಮೆಲ್ಲಗೆ ಹೇಳಿಕೊಂಡರು. ಮೂವತ್ತು ವರ್ಷ ಗಂಟೆಯ ಸದ್ದಿಗೆ ಎದ್ದು ನಡೆದವರಿಗೆ ಗಂಟೆಯಿಲ್ಲದ ದಿನವು ಗುರುತಿಲ್ಲದ ಬಯಲಿನಂತೆ ಕಂಡಿರಬೇಕು. ಆ ಮಾತನ್ನು ಕೇಳಿದಂದಿನಿಂದ ನನ್ನ ಮನಸ್ಸು ಅಮೆರಿಕದ ಜಾನ್ ಅಲೆನ್ ಎಂಬಾತನ ಬಾಳಿನ ಕಡೆಗೆ ಮತ್ತೆ ಮತ್ತೆ ಹೊರಳುತ್ತಿದೆ.

ಅಲೆನ್ ರಾಜಕಾರಣಿಯಲ್ಲ, ಕವಿಯಲ್ಲ, ವಿಜ್ಞಾನಿಯೂ ಅಲ್ಲ. ಆತ ಕಟ್ಟಿದ್ದು ಪುಟ್ಟ ರೈಲುಗಳನ್ನು. ನಿಜವಾದ ರೈಲನ್ನು ೮೭ನೆಯ ಒಂದು ಪಾಲಿಗೆ ಇಳಿಸಿ, ಹಳಿ, ಸೇತುವೆ, ನಿಲ್ದಾಣಗಳನ್ನೂ ಅದೇ ಅಳತೆಯಲ್ಲಿ ಮಾಡಿ, ವಿದ್ಯುತ್ತಿನಿಂದ ಓಡಿಸುವ ಹವ್ಯಾಸವೊಂದು ಪಶ್ಚಿಮ ದೇಶಗಳಲ್ಲಿ ಬಹುಕಾಲದಿಂದ ಬೆಳೆದು ಬಂದಿದೆ. ಈ ಅಳತೆಯಲ್ಲಿ ಆರಡಿಯ ಮನುಷ್ಯನ ಎತ್ತರ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು. ಒಂದು ಮೈಲಿಯ ದಾರಿ ಸುಮಾರು ಅರವತ್ತು ಅಡಿ. ಈ ಕಲೆಯನ್ನು ಬಲ್ಲವರ ನಡುವೆ ಅಲೆನ್‌ನ ಹೆಸರನ್ನು ಇಂದಿಗೂ ಗೌರವದಿಂದ ನೆನೆಯುತ್ತಾರೆ.

ಆತ ಹುಟ್ಟಿದ್ದು ೧೯೧೩ರಲ್ಲಿ. ಎಳವೆಯಲ್ಲಿಯೇ ಬಂದ ಜ್ವರವೊಂದು ಆತನ ಹೃದಯವನ್ನು ದುರ್ಬಲಗೊಳಿಸಿತು. ಬೆಳೆದ ಮೇಲೆ ಛಾಯಾಗ್ರಹಣವನ್ನು ವೃತ್ತಿಯಾಗಿ ಹಿಡಿದನು. ಹಣವನ್ನು ಎಚ್ಚರದಿಂದ ತೊಡಗಿಸಿದ್ದರಿಂದ, ಮೂವತ್ತು ದಾಟಿದ ಸ್ವಲ್ಪ ಕಾಲದಲ್ಲಿಯೇ ದುಡಿಯಲೇಬೇಕೆಂಬ ಒತ್ತಾಯ ತಪ್ಪಿತು. ವೃತ್ತಿಯನ್ನು ಬಿಟ್ಟು ಕ್ಯಾಲಿಫೋರ್ನಿಯಾದ ಕಡಲತೀರದ ಊರಾದ ಮಾಂಟೆರೆಯಲ್ಲಿ ನೆಲೆಸಿದನು. ಮದುವೆಯಾಗಲಿಲ್ಲ. ಉಳಿದವರು ಸಂಸಾರದ ನೊಗಕ್ಕೆ ಹೆಗಲು ಕೊಡುವ ವಯಸ್ಸಿನಲ್ಲಿ ಆತನೆದುರಿಗೆ ಇದ್ದದ್ದು ಬರಿಯ ಕಾಲ, ಮತ್ತು ಹೆಚ್ಚು ಕಾಲ ಬಾಳುವ ಭರವಸೆ ಕೊಡದ ಒಂದು ಹೃದಯ.

ಆ ಕಾಲವನ್ನು ಆತ ರೈಲುದಾರಿಗೆ ಕೊಟ್ಟನು. ಮೊದಲು ಕಟ್ಟಿದ್ದು ಮೇಜಿನಗಲದ ಪುಟ್ಟ ದಾರಿ. ಅದಕ್ಕೆ ಇಟ್ಟ ಹೆಸರು ಗೋರಿ ಅಂಡ್ ಡಿಫೀಟೆಡ್. ಕಾಗುಣಿತವನ್ನು ವಿಚಿತ್ರವಾಗಿ ತಿರುಚಿ ಬರೆದದ್ದರಿಂದ ಓದುವಾಗ ಯಾವುದೋ ಎರಡು ಊರುಗಳ ಹೆಸರಿನಂತೆ ಕಾಣುತ್ತದೆ; ಬಾಯಿಬಿಟ್ಟು ಹೇಳಿದಾಗ ನೆತ್ತರಲ್ಲಿ ನೆನೆದು ಸೋತದ್ದು ಎಂಬ ಅರ್ಥ ಬರುತ್ತದೆ. ಗೋರಿ ಎಂಬ ಸದ್ದು ಕನ್ನಡದ ಕಿವಿಗೆ ಬೇರೊಂದನ್ನೇ ನೆನಪಿಗೆ ತರುತ್ತದೆ, ಅದು ಕಾಕತಾಳೀಯ. ದಾರಿಯಲ್ಲಿ ಬರುವ ಒಂದು ಸ್ಥಳಕ್ಕೆ ಬೆನ್ನುನೋವೆಂದು ಧ್ವನಿಸುವ ಹೆಸರು. ನಿಲ್ದಾಣದಂಗಳದಲ್ಲಿ ಡಬ್ಬಿಗಳನ್ನು ಅತ್ತಿಂದಿತ್ತ ಎಳೆಯುವ ಎಂಜಿನ್ನಿನ ಬದಲು ಎಮ್ಮಾ ಎಂಬ ಪ್ರಾಚೀನ ಕಾಲದ ಡೈನೋಸಾರ್! ಕೆಲಸದಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದವನು ತನ್ನನ್ನು ತಾನೇ ನೋಡಿ ನಗುವುದನ್ನೂ ಬಲ್ಲವನಾಗಿದ್ದನು.

೧೯೫೩ರ ಹೊತ್ತಿಗೆ ಆತ ತನ್ನ ಮೂರನೆಯ ಮತ್ತು ಕೊನೆಯ ದಾರಿಯನ್ನು ಮನೆಯ ನೆಲಮಾಳಿಗೆಯಲ್ಲಿ ತೊಡಗಿದನು. ಮೊದಲಿನ ಪುಟ್ಟ ದಾರಿಯನ್ನು ಎಸೆಯಲಿಲ್ಲ; ಹೊಸದರ ಒಂದು ಮೂಲೆಯಲ್ಲಿ ಅದನ್ನು ಸೇರಿಸಿಕೊಂಡನು. ನೆಲದಿಂದ ಮಾಳಿಗೆಯವರೆಗೆ ಬೆಟ್ಟಗಳೆದ್ದವು. ಕಮರಿಗಳ ಮೇಲೆ ಸೇತುವೆಗಳು ಬಂದವು. ಹತ್ತಿರದ ವಸ್ತುಗಳನ್ನು ದೊಡ್ಡದಾಗಿಯೂ ಹಿಂದಿನವನ್ನು ಕ್ರಮವಾಗಿ ಚಿಕ್ಕದಾಗಿಯೂ ಮಾಡಿದ್ದರಿಂದ ನಾಲ್ಕಡಿಯ ಆಳದಲ್ಲಿ ನೋಡುವವನಿಗೆ ಹರದಾರಿಗಳು ಕಂಡವು. ಅಲ್ಲಲ್ಲಿ ಮರೆಸಿಟ್ಟ ಕನ್ನಡಿಗಳು ಒಂದು ಬೀದಿಯನ್ನು ಎರಡಾಗಿಸಿದವು.

ಆದರೆ ಆತನ ನಿಜವಾದ ಹಿರಿಮೆ ಬೇರೆಯದು. ಆ ದಿನಗಳಲ್ಲಿ ಇಂಥ ಮಾದರಿಗಳೆಂದರೆ ಹೊಚ್ಚಹೊಸ ಪಾತ್ರೆಯಂತೆ ಥಳಥಳಿಸಬೇಕೆಂಬುದು ಸಾಮಾನ್ಯ ಭಾವನೆ. ಅಲೆನ್ ತನ್ನ ಎಂಜಿನ್ನುಗಳಿಗೆ ಮಸಿ ಬಳಿದನು. ಕಬ್ಬಿಣಕ್ಕೆ ತುಕ್ಕು ಹಿಡಿಸಿದನು. ಹಲಗೆಗಳನ್ನು ಬಿಸಿಲು ಮಳೆ ತಿಂದಂತೆ ಮಾಸಿದನು. ದುಡಿದದ್ದು ಸವೆಯುತ್ತದೆ ಎಂಬ ಸತ್ಯ ಹೀಗೆ ಅಂಗೈಯಗಲದ ವಸ್ತುಗಳಿಗೂ ಬಂದಿತು. ಹೊರಗೆ ಅಮೆರಿಕದ ದೊಡ್ಡ ರೈಲು ಸಂಸ್ಥೆಗಳು ಉಗಿ ಎಂಜಿನ್ನುಗಳನ್ನು ಗುಜರಿಗೆ ಕಳಿಸಿ ಡೀಸೆಲ್ ಎಂಜಿನ್ನುಗಳನ್ನು ತರುತ್ತಿದ್ದ ದಶಕವದು. ಲೋಕ ಕೈಬಿಟ್ಟ ಎಂಜಿನ್ನುಗಳ ಚಹರೆ ಅದರ ಕೊಳೆಯ ಸಮೇತ ಆ ನೆಲಮಾಳಿಗೆಯಲ್ಲಿ ಉಳಿಯಿತು.

ಆತ ಏಕಾಂಗಿಯಾಗಿ ಬಾಗಿಲು ಹಾಕಿಕೊಂಡು ಕುಳಿತವನೆಂದು ಯಾರೂ ತಿಳಿಯಬಾರದು. ಗೆಳೆಯರು ಗೊತ್ತಾದ ಸಂಜೆಗಳಲ್ಲಿ ಬಂದು ಸೇರುತ್ತಿದ್ದರು. ಒಬ್ಬೊಬ್ಬರಿಗೂ ಒಂದೊಂದು ಹೊಣೆ. ಇಂಥ ಸರಕು ಇಂಥ ಊರಿಗೆ ತಲುಪಬೇಕು, ಎದುರಿನ ಗಾಡಿಗೆ ದಾರಿ ಬಿಡಬೇಕು. ಎಲ್ಲವೂ ನಿಜವಾದ ರೈಲಿನ ಶಿಸ್ತಿನಲ್ಲಿಯೇ ನಡೆಯಬೇಕು. ಆತ ತನ್ನ ಲೋಕವನ್ನು ತಾನೇ ಛಾಯಾಚಿತ್ರಗಳಲ್ಲಿ ಹಿಡಿದು ಪತ್ರಿಕೆಗಳಿಗೆ ಕೊಟ್ಟನು. ತಾನು ಕಂಡುಕೊಂಡ ಉಪಾಯಗಳನ್ನು ಲೇಖನಗಳಲ್ಲಿ ಬಿಚ್ಚಿಟ್ಟನು. ಕೇವಲ ಐದು ಕವಲುಗಳ ಹಳಿಯ ಮೇಲೆ ಡಬ್ಬಿಗಳನ್ನು ಆದಷ್ಟು ಬೇಗ ಅವುಗಳ ಜಾಗಕ್ಕೆ ಸೇರಿಸುವ ಒಗಟೊಂದನ್ನು ರಚಿಸಿದನು. ೧೯೭೨ರಲ್ಲಿ ಅದು ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಹೆಸರು ಟೈಮ್‌ಸೇವರ್, ಎಂದರೆ ಕಾಲವನ್ನು ಉಳಿಸುವಂಥದು. ದಿನವೆಲ್ಲ ತನ್ನದೇ ಆಗಿದ್ದವನು ಕ್ಷಣಗಳನ್ನು ಉಳಿಸುವ ಆಟವನ್ನು ಕಟ್ಟಿದ್ದು ನನಗೆ ಸೋಜಿಗವೆನಿಸುತ್ತದೆ. ಕಾಲದ ಬೆಲೆ ಬಹುಶಃ ಆ ದುರ್ಬಲ ಹೃದಯಕ್ಕೇ ಚೆನ್ನಾಗಿ ತಿಳಿದಿತ್ತು.

೧೯೭೩ರ ಜನವರಿ ೬ರಂದು ಆ ಹೃದಯ ನಿಂತಿತು. ಆಗ ಅಲೆನ್‌ಗೆ ಐವತ್ತೊಂಬತ್ತು ವರ್ಷ. ಸುಮಾರು ಇಪ್ಪತ್ತು ವರ್ಷ ಕಟ್ಟಿದ ದಾರಿ ಪೂರ್ಣವಾಗುವ ಹೊಸ್ತಿಲಲ್ಲಿತ್ತು. ಅದೇ ತಿಂಗಳಲ್ಲಿ ಆ ಮನೆಗೆ ಆಕಸ್ಮಿಕವಾಗಿ ಬೆಂಕಿ ತಗಲಿತು. ಬೆಟ್ಟ, ಸೇತುವೆ, ನಿಲ್ದಾಣಗಳಲ್ಲಿ ಬಹುಪಾಲು ಬೂದಿಯಾದವು. ನಗೆಗೆಂದು ಇಟ್ಟ ಹೆಸರು ಭವಿಷ್ಯವಾಣಿಯಾಯಿತೇ ಎಂದು ಕೇಳುವಂತಾಯಿತು.

ಇಲ್ಲಿಗೆ ಬಂದಾಗಲೆಲ್ಲ ನಾನು ತಡೆದು ನಿಲ್ಲುತ್ತೇನೆ. ಒಬ್ಬ ಬುದ್ಧಿವಂತನು ತನ್ನ ಬಾಳನ್ನು ಆಟಿಕೆಗೆ ಸವೆಸಿದನೆಂದೂ, ಕೊನೆಗೆ ಅದೂ ಉಳಿಯಲಿಲ್ಲವೆಂದೂ ಹೇಳುವವರಿದ್ದಾರು. ಆ ಮಾತನ್ನು ಸುಲಭವಾಗಿ ತಳ್ಳಿಹಾಕಲು ನನಗೆ ಬರುವುದಿಲ್ಲ. ಛಾಯಾಚಿತ್ರಗಳು ಉಳಿದಿವೆ, ೧೯೮೧ರಲ್ಲಿ ಆತನ ಕೆಲಸವನ್ನು ಕುರಿತ ಪುಸ್ತಕ ಹೊರಬಂದಿದೆ, ಮಾದರಿಗಳಿಗೆ ಮಸಿ, ತುಕ್ಕುಗಳ ರೂಪ ಕೊಡುವುದು ಇಂದು ಎಲ್ಲೆಡೆಯ ರೂಢಿಯಾಗಿದೆ. ಇವೆಲ್ಲ ಸಮಾಧಾನದ ಮಾತುಗಳು. ಬೆಂಕಿ ಬೀಳದಿದ್ದರೂ, ಇವು ಯಾವುವೂ ಇಲ್ಲದಿದ್ದರೂ, ಆ ಇಪ್ಪತ್ತು ವರ್ಷಗಳ ಬೆಲೆ ಅಷ್ಟೇ ಇರುತ್ತಿತ್ತೆಂಬುದು ನನ್ನ ನಂಬಿಕೆ.

ಹವ್ಯಾಸವೆಂಬ ನಮ್ಮ ಮಾತು ಅಭ್ಯಾಸದ ತದ್ಭವ. ಬಿಡುವಿನ ವಿನೋದವೆಂದು ಇಂದು ನಾವು ಬಳಸುವ ಮಾತಿನ ಬೇರಿನಲ್ಲಿರುವುದು ಮರಳಿ ಮರಳಿ ಮಾಡುವ ಶ್ರದ್ಧೆ. ಅಲೆನ್ ವೃತ್ತಿಯಿಂದ ನಿವೃತ್ತನಾದನೇ ಹೊರತು ಅಭ್ಯಾಸದಿಂದಲ್ಲ. ನಮ್ಮ ಅಧ್ಯಾಪಕವೃತ್ತಿಯೂ ಒಂದು ಲೆಕ್ಕದಲ್ಲಿ ಹೀಗೆಯೇ ಅಲ್ಲವೇ? ಕರಿಹಲಗೆಯ ಮೇಲೆ ಬರೆದದ್ದನ್ನು ಮುಂದಿನ ಗಂಟೆಗೆ ಬಂದವರು ಒರೆಸುತ್ತಾರೆ. ಆದರೂ ಬರೆಯುವಾಗ ಅಕ್ಷರ ಓರೆಯಾಗದಂತೆ ಬರೆಯುತ್ತೇವೆ.

ನನ್ನ ಸರದಿ ಬರಲು ಇನ್ನೂ ಹದಿನೈದು ವರ್ಷವಿದೆ. ಈ ಭಾನುವಾರ ಆ ಹಿರಿಯರ ಮನೆಗೆ ಹೋಗಿ, ಗುಜರಿಗೆ ಹೋದ ಎಂಜಿನ್ನುಗಳಿಗೆ ಒಂದು ಊರು ಕಟ್ಟಿಕೊಟ್ಟವನ ಕಥೆಯನ್ನು ಹೇಳಬೇಕೆಂದಿದ್ದೇನೆ. ಬೆಂಕಿಯ ಸಂಗತಿಯನ್ನೂ ಮುಚ್ಚಿಡುವುದಿಲ್ಲ.