ಡಂಕನ್ ಎಡ್ವರ್ಡ್ಸ್: ಕ್ಲಬ್ ಬೆಳೆಸಿದ ಹುಡುಗ, ಮನೆಗೆ ಮರಳದ ಮಗ

ಇಪ್ಪತ್ತೊಂದನೇ ವಯಸ್ಸಿಗೇ ಬದುಕು ಮುಗಿಸಿಯೂ ಇಂಗ್ಲೆಂಡಿನ ಫುಟ್‌ಬಾಲ್ ಇತಿಹಾಸದಲ್ಲಿ ಅಗ್ರಪಂಕ್ತಿಯ ಸ್ಥಾನ ಉಳಿಸಿಕೊಂಡ ಆಟಗಾರ ಡಂಕನ್ ಎಡ್ವರ್ಡ್ಸ್. ಮ್ಯಾಂಚೆಸ್ಟರ್ ಯುನೈಟೆಡ್ ಪರ 177 ಪಂದ್ಯ, ಇಂಗ್ಲೆಂಡ್ ಪರ 18 ಪಂದ್ಯ, ಎರಡು ಲೀಗ್ ಪ್ರಶಸ್ತಿ. ಇಷ್ಟನ್ನೂ ಐದು ವರ್ಷಗಳಿಗಿಂತ ಕಡಿಮೆ ಅವಧಿಯಲ್ಲಿ ಸಾಧಿಸಿದ ಈ ಯುವಕ 1958ರ ಮ್ಯೂನಿಕ್ ವಿಮಾನ ದುರಂತದಲ್ಲಿ ಗಾಯಗೊಂಡು ಕೊನೆಯುಸಿರೆಳೆದ.

ಆತನ ಆಟದ ಸೊಗಸಿನ ಬಗ್ಗೆ ಸಾಕಷ್ಟು ಬರಹಗಳು ಬಂದಿವೆ. ಆದರೆ ಆ ಬದುಕಿಗೆ ಇನ್ನೊಂದು ಮುಖವೂ ಇದೆ. ಹದಿನೈದರ ಹರೆಯದ ಬಾಲಕನೊಬ್ಬನನ್ನು ದೊಡ್ಡ ಕ್ಲಬ್ಬೊಂದು ಹೆತ್ತವರಿಂದ ಪಡೆದು ಹೇಗೆ ಬೆಳೆಸಿತು, ಹೇಗೆ ದುಡಿಸಿಕೊಂಡಿತು, ದುರಂತದ ನಂತರ ಆಟಗಾರರ ಕುಟುಂಬಗಳ ಕೈಗೆ ಸಿಕ್ಕಿದ್ದೇನು ಎಂಬ ಪ್ರಶ್ನೆಗಳಿಗೆ ಡಂಕನ್‌ನ ಜೀವನದಲ್ಲಿ ಉತ್ತರಗಳಿವೆ. ಮಕ್ಕಳನ್ನು ಕ್ರೀಡಾ ತರಬೇತಿಗೆ ಒಪ್ಪಿಸುವ ಎಲ್ಲ ಪೋಷಕರೂ ತಿಳಿಯಬೇಕಾದ ಉತ್ತರಗಳಿವು.

ಕಾರ್ಮಿಕರ ಬಡಾವಣೆಯ ಬಾಲಕ

ಡಂಕನ್ ಹುಟ್ಟಿದ್ದು 1936ರ ಅಕ್ಟೋಬರ್ 1ರಂದು, ಇಂಗ್ಲೆಂಡಿನ ಮಧ್ಯಭಾಗದ ಡಡ್ಲಿ ಪಟ್ಟಣದ ವುಡ್‌ಸೈಡ್‌ನಲ್ಲಿ. ಕಲ್ಲಿದ್ದಲು ಮತ್ತು ಕಬ್ಬಿಣದ ಕಾರ್ಖಾನೆಗಳ ಹೊಗೆಯಿಂದಾಗಿ ಬ್ಲ್ಯಾಕ್ ಕಂಟ್ರಿ ಎಂದೇ ಹೆಸರಾದ ಸೀಮೆ ಅದು. ತಂದೆ ಗ್ಲ್ಯಾಡ್‌ಸ್ಟನ್ ಕಾರ್ಖಾನೆಯ ಕಾರ್ಮಿಕ. ತಾಯಿ ಸಾರಾ ಆ್ಯನ್. ಕುಟುಂಬ ಮುಂದೆ ಪಟ್ಟಣದ ಪ್ರಯರಿ ಬಡಾವಣೆಗೆ ವಾಸ ಬದಲಿಸಿತು. ಡಂಕನ್‌ಗೆ ಕ್ಯಾರಲ್ ಆ್ಯನ್ ಎಂಬ ತಂಗಿ ಹುಟ್ಟಿದಳಾದರೂ 1947ರಲ್ಲಿ, ಕೇವಲ 14 ವಾರಗಳ ಶಿಶುವಾಗಿದ್ದಾಗಲೇ ತೀರಿಕೊಂಡಳು. ಹೀಗಾಗಿ ಎಡ್ವರ್ಡ್ಸ್ ದಂಪತಿಗೆ ಉಳಿದದ್ದು ಡಂಕನ್ ಒಬ್ಬನೇ. ಮುಂದಿನ ಕಥೆಯನ್ನು ಓದುವಾಗ ಈ ಸಂಗತಿಯನ್ನು ಮರೆಯುವಂತಿಲ್ಲ.

ಶಾಲೆಯಲ್ಲಿ ಡಂಕನ್ ಫುಟ್‌ಬಾಲ್ ಆಡುತ್ತಿದ್ದಂತೆಯೇ ಜಾನಪದ ನೃತ್ಯದಲ್ಲೂ ಮುಂದಿದ್ದ. ಇಂಗ್ಲೆಂಡಿನ ಸಾಂಪ್ರದಾಯಿಕ ಮಾರಿಸ್ ನೃತ್ಯ ಹಾಗೂ ಕತ್ತಿ ನೃತ್ಯಗಳ ರಾಷ್ಟ್ರೀಯ ಉತ್ಸವಕ್ಕೂ ಆಯ್ಕೆಯಾಗಿದ್ದ. ಆದರೆ ಅದೇ ದಿನ ಶಾಲಾ ಬಾಲಕರ ರಾಷ್ಟ್ರೀಯ ಫುಟ್‌ಬಾಲ್ ತಂಡದ ಆಯ್ಕೆ ಪರೀಕ್ಷೆಯೂ ನಿಗದಿಯಾಗಿತ್ತು. ಡಂಕನ್ ಫುಟ್‌ಬಾಲನ್ನು ಆರಿಸಿಕೊಂಡ. 1950ರ ಏಪ್ರಿಲ್ 1ರಂದು ವೆಂಬ್ಲಿ ಕ್ರೀಡಾಂಗಣದಲ್ಲಿ ವೇಲ್ಸ್ ವಿರುದ್ಧ ಇಂಗ್ಲೆಂಡ್ ಶಾಲಾ ಬಾಲಕರ ತಂಡದ ಪರ ಕಣಕ್ಕಿಳಿದಾಗ ಆತನಿಗೆ ಹದಿಮೂರೂವರೆ ವರ್ಷ. ಮುಂದೆ ಆ ತಂಡದ ನಾಯಕನೂ ಆದ.

ಮನೆ ಬಾಗಿಲಿಗೆ ಬಂದ ಕ್ಲಬ್‌ಗಳು

ವಯಸ್ಸಿಗೆ ಮೀರಿದ ಮೈಕಟ್ಟು, ಎರಡೂ ಕಾಲಿನಲ್ಲಿ ಸಮಾನ ಶಕ್ತಿ, ಮೈದಾನದ ಯಾವ ಭಾಗದಲ್ಲಾದರೂ ಆಡಬಲ್ಲ ಚಾಕಚಕ್ಯತೆ ಇದ್ದ ಹುಡುಗನ ಮೇಲೆ ದೊಡ್ಡ ಕ್ಲಬ್‌ಗಳ ಕಣ್ಣು ಬಿದ್ದದ್ದರಲ್ಲಿ ಅಚ್ಚರಿಯಿಲ್ಲ. ಯುನೈಟೆಡ್‌ನ ಪ್ರತಿಭಾ ಶೋಧಕ ಜಾಕ್ ಒಬ್ರಿಯನ್ ಆತನ ಬಗ್ಗೆ ವ್ಯವಸ್ಥಾಪಕ ಮ್ಯಾಟ್ ಬಸ್ಬಿ ಅವರಿಗೆ ವರದಿ ಕಳುಹಿಸಿದ್ದು 1948ರಷ್ಟು ಹಿಂದೆ. ಆಗ ಡಂಕನ್ ಇನ್ನೂ ಶಾಲಾ ಬಾಲಕ. ಇಂಗ್ಲೆಂಡಿನ ಶಾಲಾ ತಂಡಕ್ಕೆ ತರಬೇತಿ ನೀಡುತ್ತಿದ್ದ ಜೋ ಮರ್ಸರ್ ಕೂಡ ಈ ಹುಡುಗನನ್ನು ಬಿಡಬೇಡಿ ಎಂದು ಬಸ್ಬಿಗೆ ಸಲಹೆ ನೀಡಿದ್ದರು.

ಡಡ್ಲಿಯಿಂದ ಕೆಲವೇ ಮೈಲಿ ದೂರದಲ್ಲಿ ಆ ಕಾಲದ ಬಲಾಢ್ಯ ಕ್ಲಬ್ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ಇತ್ತು. ನೆರೆಯ ಹುಡುಗ ತಮ್ಮಲ್ಲಿಗೇ ಬರುತ್ತಾನೆಂದು ಅದು ನಂಬಿತ್ತು. ಆದರೆ 1952ರ ಜೂನ್ 2ರಂದು ಡಂಕನ್ ಹವ್ಯಾಸಿ ಆಟಗಾರನಾಗಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಸಹಿ ಹಾಕಿದ. ಕೆರಳಿದ ವುಲ್ವ್ಸ್ ವ್ಯವಸ್ಥಾಪಕ ಸ್ಟಾನ್ ಕಲ್ಲಿಸ್, ಹುಡುಗನಿಗೋ ಕುಟುಂಬಕ್ಕೋ ಯುನೈಟೆಡ್ ನಿಯಮ ಮೀರಿ ಹಣದ ಆಮಿಷ ಒಡ್ಡಿದೆಯೆಂದು ಆಪಾದಿಸಿದರು. ಡಂಕನ್ ಮಾತ್ರ ತನಗೆ ಮೊದಲಿನಿಂದಲೂ ಆ ಕ್ಲಬ್‌ನಲ್ಲೇ ಆಡುವ ಆಸೆಯಿತ್ತು ಎಂದೇ ಹೇಳುತ್ತ ಬಂದ.

ಹದಿಹರೆಯದವರಿಗಾಗಿ ಕ್ಲಬ್‌ಗಳು ಎಷ್ಟು ಪೈಪೋಟಿ ನಡೆಸುತ್ತಿದ್ದವು ಎಂಬುದಕ್ಕೆ ಈ ಜಗಳವೇ ಸಾಕ್ಷಿ. ಇತ್ತ ಹುಡುಗ ಬಡಗಿ ಕೆಲಸದ ತರಬೇತಿಗೂ ಸೇರಿಕೊಂಡ. ಫುಟ್‌ಬಾಲ್ ಕೈಹಿಡಿಯದಿದ್ದರೆ ಹೊಟ್ಟೆಪಾಡಿಗೆ ಒಂದು ಕಸುಬಿರಲಿ ಎಂಬುದು ಉದ್ದೇಶ. ದೊಡ್ಡ ಕ್ಲಬ್ ಸೇರಿದ ಮಾತ್ರಕ್ಕೆ ಭವಿಷ್ಯ ಭದ್ರವಲ್ಲ ಎಂಬ ಅರಿವು ಆ ಕಾಲದ ಕಾರ್ಮಿಕ ಕುಟುಂಬಗಳಿಗೆ ಚೆನ್ನಾಗಿಯೇ ಇತ್ತು.

ಬಸ್ಬಿ ಕಟ್ಟಿದ ಕೂಡುಕುಟುಂಬ

ಎರಡನೇ ಮಹಾಯುದ್ಧದ ನಂತರ ಯುನೈಟೆಡ್‌ನ ಹೊಣೆ ಹೊತ್ತ ಬಸ್ಬಿ, ಸಿದ್ಧ ಆಟಗಾರರನ್ನು ಕೊಳ್ಳುವುದಕ್ಕಿಂತ ಬಾಲಕರನ್ನು ತಂದು ಬೆಳೆಸುವ ದಾರಿ ಹಿಡಿದರು. ದೂರದ ಊರುಗಳಿಂದ ಬಂದ ಹುಡುಗರನ್ನು ಕ್ಲಬ್‌ಗೆ ಪರಿಚಯವಿದ್ದ ಮಹಿಳೆಯರ ಮನೆಗಳಲ್ಲಿ ಇರಿಸಲಾಗುತ್ತಿತ್ತು. ಊಟ, ಬಟ್ಟೆ, ನಿದ್ದೆಯ ಮೇಲ್ವಿಚಾರಣೆ ಆ ಮನೆಯೊಡತಿಯರದು. ಆಟದ ಪಾಠ ಸಹಾಯಕ ವ್ಯವಸ್ಥಾಪಕ ಜಿಮ್ಮಿ ಮರ್ಫಿ ಅವರದು. ಸಾಲ್ಫರ್ಡ್‌ನ ಕ್ಲಿಫ್ ಮೈದಾನದಲ್ಲಿ ಮರ್ಫಿ ಹುಡುಗರನ್ನು ದಣಿಯುವವರೆಗೆ ಆಡಿಸುತ್ತಿದ್ದರು. ಮನೆ ಬಿಟ್ಟು ಬಂದ ಮಕ್ಕಳಿಗೆ ಕ್ಲಬ್ಬೇ ಮನೆಯಾಯಿತು. ಪತ್ರಿಕೆಗಳು ಇವರನ್ನು ಬಸ್ಬಿ ಬೇಬ್ಸ್ ಎಂದು ಕರೆದವು.

ಈ ಆರೈಕೆಯ ಜೊತೆಗೆ ಶಿಸ್ತಿನ ಕಟ್ಟುಪಾಡೂ ಬಿಗಿಯಾಗಿತ್ತು. ಒಮ್ಮೆ ದೀಪವಿಲ್ಲದೆ ಸೈಕಲ್ ಓಡಿಸಿದ್ದಕ್ಕಾಗಿ ಡಂಕನ್ ಪೊಲೀಸರ ಕೈಗೆ ಸಿಕ್ಕಿಬಿದ್ದ. ಕಾನೂನು ವಿಧಿಸಿದ ದಂಡ ಕೆಲವೇ ಶಿಲಿಂಗ್. ಕ್ಲಬ್ ವಿಧಿಸಿದ ದಂಡ ಎರಡು ವಾರಗಳ ಸಂಬಳ. ಹುಡುಗರ ಬೀದಿಯ ನಡತೆಯೂ ಕ್ಲಬ್‌ನ ಅಂಕೆಯಲ್ಲಿತ್ತು.

1953ರ ಏಪ್ರಿಲ್ 4ರಂದು ಕಾರ್ಡಿಫ್ ಸಿಟಿ ವಿರುದ್ಧ ಡಂಕನ್ ಮುಖ್ಯ ತಂಡದಲ್ಲಿ ಪದಾರ್ಪಣೆ ಮಾಡಿದ. ಆಗ ಆತನಿಗೆ 16 ವರ್ಷ 185 ದಿನ. ಯುನೈಟೆಡ್ 1-4ರಿಂದ ಸೋತಿತು. ಅದೇ ಋತುವಿನಲ್ಲಿ ಆರಂಭವಾದ ಎಫ್‌ಎ ಯುವ ಕಪ್‌ನ ಅಂತಿಮ ಹಣಾಹಣಿಯಲ್ಲಿ ಯುನೈಟೆಡ್ ಹುಡುಗರು ವುಲ್ವ್ಸ್ ತಂಡವನ್ನು ಎರಡು ಪಂದ್ಯಗಳ ಒಟ್ಟು ಲೆಕ್ಕದಲ್ಲಿ 9-3ರಿಂದ ಮಣಿಸಿದರು. ಡಂಕನ್ ಆಡಿದ ಮೂರು ಯುವ ಕಪ್‌ಗಳೂ ಸೇರಿದಂತೆ ಮೊದಲ ಐದು ವರ್ಷ ಈ ಪ್ರಶಸ್ತಿ ಯುನೈಟೆಡ್ ಪಾಲಾಯಿತು.

ಹೆಗಲ ಮೇಲಿನ ಭಾರ

1955ರ ಏಪ್ರಿಲ್ 2ರಂದು ಸ್ಕಾಟ್ಲೆಂಡ್ ವಿರುದ್ಧ ಇಂಗ್ಲೆಂಡ್ 7-2ರಿಂದ ಗೆದ್ದ ಪಂದ್ಯದಲ್ಲಿ ಡಂಕನ್ ರಾಷ್ಟ್ರೀಯ ತಂಡಕ್ಕೆ ಕಾಲಿಟ್ಟ. ವಯಸ್ಸು 18 ವರ್ಷ 183 ದಿನ. ಅದೇ ತಿಂಗಳಲ್ಲಿ ಕ್ಲಬ್ ಆತನನ್ನು ಯುವ ಕಪ್‌ನ ಅಂತಿಮ ಪಂದ್ಯಕ್ಕೂ ಇಳಿಸಿತು. ದೇಶದ ಪರ ಆಡಿದವನನ್ನು ಹುಡುಗರ ಟೂರ್ನಿಯಲ್ಲಿ ಆಡಿಸುವುದು ಸರಿಯೇ ಎಂಬ ಟೀಕೆ ಎದ್ದಾಗ, ಬಸ್ಬಿ ಪತ್ರಿಕೆಯಲ್ಲಿ ಲೇಖನ ಬರೆದು ತಮ್ಮ ನಿರ್ಧಾರವನ್ನು ಸಮರ್ಥಿಸಿಕೊಳ್ಳಬೇಕಾಯಿತು. ನಿಯಮದ ಪ್ರಕಾರ ಡಂಕನ್‌ಗೆ ಇನ್ನೂ ಆಡುವ ಅರ್ಹತೆ ಇತ್ತು. ಆತನಿಗೂ ಗೆಳೆಯರ ಜೊತೆ ಆಡುವುದು ಇಷ್ಟವಿತ್ತು. ಆದರೂ ಆ ಟೀಕೆಯಲ್ಲಿ ಹುರುಳಿರಲಿಲ್ಲವೆನ್ನಲಾಗದು.

ಏಕೆಂದರೆ ಅದೇ ವರ್ಷ ಕಡ್ಡಾಯ ಸೇನಾ ಸೇವೆಯ ಕರೆಯೂ ಬಂತು. ಡಂಕನ್ ಶ್ರೂಸ್‌ಬರಿ ಬಳಿಯ ನೆಸ್‌ಕ್ಲಿಫ್ ಶಿಬಿರದಲ್ಲಿ ಎರಡು ವರ್ಷ ಸೇವೆ ಸಲ್ಲಿಸಿದ. ಕ್ಲಬ್‌ನ ಮತ್ತೊಬ್ಬ ಹುಡುಗ ಬಾಬಿ ಚಾರ್ಲ್ಟನ್ ಅಲ್ಲಿ ಜೊತೆಗಿದ್ದ. ಸೇನೆಯೂ ಇವರನ್ನು ತನ್ನ ತಂಡಗಳಿಗೆ ಆಡಿಸಿತು. ಕ್ಲಬ್, ದೇಶ, ಸೇನೆ ಎಲ್ಲ ಸೇರಿ ಒಂದು ಋತುವಿನಲ್ಲಿ ಡಂಕನ್ ಆಡಿದ ಪಂದ್ಯಗಳು ನೂರರ ಸಮೀಪ ಮುಟ್ಟಿದ್ದವು. ಇಪ್ಪತ್ತು ತುಂಬದ ದೇಹಕ್ಕೆ ಇದು ಹೆಚ್ಚಾಯಿತೆಂದು ತಡೆಯುವ ಅಧಿಕಾರ ಯಾರಿಗೂ ಇರಲಿಲ್ಲ. ಇಂದಿನ ಯಾವ ಕ್ರೀಡಾ ವೈದ್ಯರೂ ಒಪ್ಪದ ಲೆಕ್ಕ ಅದು.

ಇಷ್ಟು ದುಡಿಮೆಗೆ ಸಿಕ್ಕಿದ್ದೆಷ್ಟು? ಋತುವಿನಲ್ಲಿ ವಾರಕ್ಕೆ 15 ಪೌಂಡ್, ಬೇಸಿಗೆ ಬಿಡುವಿನಲ್ಲಿ 12 ಪೌಂಡ್. ಗ್ಲೂಕೋಸ್ ಮಾತ್ರೆಯ ಜಾಹೀರಾತಿನಿಂದ ಅಷ್ಟಿಷ್ಟು ಆದಾಯ. ಕ್ಲಬ್ ಜಿಪುಣತನ ತೋರಿತೆಂದಲ್ಲ. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಆಗ ಗರಿಷ್ಠ ಸಂಬಳದ ಮಿತಿ ಇತ್ತು. ಕ್ರೀಡಾಂಗಣಕ್ಕೆ ಹತ್ತಾರು ಸಾವಿರ ಜನರನ್ನು ಸೆಳೆಯುವ ಆಟಗಾರನಿಗೂ ಅದಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. ಒಪ್ಪಂದದ ಅವಧಿ ಮುಗಿದರೂ ಕ್ಲಬ್ ಬಯಸಿದರೆ ಆಟಗಾರನ ನೋಂದಣಿಯನ್ನು ತನ್ನಲ್ಲೇ ಉಳಿಸಿಕೊಳ್ಳಬಹುದಿತ್ತು. ಕ್ಲಬ್ ಬಿಡದೆ ಬೇರೆ ಕಡೆ ಆಡುವಂತಿರಲಿಲ್ಲ. ಅಂದರೆ ಹದಿನೈದಕ್ಕೆ ಹಾಕಿದ ಸಹಿ ಇಡೀ ಆಟದ ಬದುಕನ್ನು ಕಟ್ಟಿಹಾಕಬಹುದಾಗಿತ್ತು. ಬಸ್ಬಿಯಂಥ ಸಹೃದಯಿ ಸಿಕ್ಕರೆ ಅದೃಷ್ಟ, ಇಲ್ಲವಾದರೆ ಕೇಳುವವರಿಲ್ಲ.

ಮ್ಯೂನಿಕ್‌ನ ಹಿಮ

1955-56 ಮತ್ತು 1956-57ರಲ್ಲಿ ಯುನೈಟೆಡ್ ಸತತ ಎರಡು ಬಾರಿ ಲೀಗ್ ಗೆದ್ದಿತು. ಯುರೋಪಿಯನ್ ಕಪ್‌ನಲ್ಲಿ ಆಡಿದ ಮೊದಲ ಇಂಗ್ಲಿಷ್ ಕ್ಲಬ್ ಎನಿಸಿತು. 1958ರ ಫೆಬ್ರುವರಿ 1ರಂದು ಲಂಡನ್ನಿನಲ್ಲಿ ಆರ್ಸೆನಲ್ ವಿರುದ್ಧ 5-4ರ ರೋಚಕ ಗೆಲುವು. ಮೊದಲ ಗೋಲು ಡಂಕನ್‌ನದು. ಇಂಗ್ಲೆಂಡಿನ ನೆಲದಲ್ಲಿ ಆತ ಆಡಿದ ಕೊನೆಯ ಪಂದ್ಯ ಅದು.

ಫೆಬ್ರುವರಿ 5ರಂದು ಬೆಲ್‌ಗ್ರೇಡ್‌ನಲ್ಲಿ ರೆಡ್ ಸ್ಟಾರ್ ಜೊತೆ 3-3ರ ಸಮಬಲ ಸಾಧಿಸಿದ ತಂಡ ಮರುದಿನ ಊರಿಗೆ ಹೊರಟಿತು. ಇಂಧನಕ್ಕಾಗಿ ಮ್ಯೂನಿಕ್‌ನಲ್ಲಿ ಇಳಿದ ವಿಮಾನ ಹಿಮದ ನಡುವೆ ಎರಡು ಬಾರಿ ಮೇಲೇರಲು ವಿಫಲವಾಯಿತು. ಇಂದು ಹೊರಡುವುದಿಲ್ಲವೆಂದೇ ಭಾವಿಸಿದ ಡಂಕನ್, ತಾನು ನಾಳೆ ಬರುವುದಾಗಿ ಮ್ಯಾಂಚೆಸ್ಟರ್‌ನ ಮನೆಯೊಡತಿಗೆ ತಂತಿ ಕಳುಹಿಸಿದ. ಅದು ತಲುಪುವ ಹೊತ್ತಿಗೆ, ಮೂರನೇ ಯತ್ನದಲ್ಲಿ ವಿಮಾನ ಓಡುದಾರಿ ಮೀರಿ ಅಪ್ಪಳಿಸಿಯಾಗಿತ್ತು. ವಿಮಾನದಲ್ಲಿದ್ದ 44 ಜನರ ಪೈಕಿ ಒಟ್ಟು 23 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಎಂಟು ಮಂದಿ ಯುನೈಟೆಡ್ ಆಟಗಾರರು. ಡಂಕನ್, ಎಡಿ ಕೋಲ್ಮನ್, ಡೇವಿಡ್ ಪೆಗ್ ಮತ್ತು ಲಿಯಾಮ್ ವೀಲನ್ 1953ರ ಯುವ ಕಪ್ ಅಂತಿಮ ಹಣಾಹಣಿಯಲ್ಲಿ ಜೊತೆಯಾಗಿ ಆಡಿದ್ದವರು.

ಡಂಕನ್‌ನ ಕಾಲು ಹಾಗೂ ಪಕ್ಕೆಲುಬುಗಳು ಮುರಿದಿದ್ದವು. ಮೂತ್ರಪಿಂಡಗಳಿಗೆ ತೀವ್ರ ಹಾನಿಯಾಗಿತ್ತು. ವೈದ್ಯರು ಕೃತಕ ಮೂತ್ರಪಿಂಡ ಯಂತ್ರ ತರಿಸಿ ಶ್ರಮಿಸಿದರು. ನೋಡಲು ಬಂದ ಜಿಮ್ಮಿ ಮರ್ಫಿ ಬಳಿ ಆತ, ಶನಿವಾರ ವುಲ್ವ್ಸ್ ವಿರುದ್ಧದ ಪಂದ್ಯ ಎಷ್ಟು ಗಂಟೆಗೆ ಎಂದು ವಿಚಾರಿಸಿದ್ದನಂತೆ. ಹದಿನೈದು ದಿನಗಳ ಹೋರಾಟದ ನಂತರ ಫೆಬ್ರುವರಿ 21ರ ನಸುಕಿನಲ್ಲಿ ಪ್ರಾಣ ಹೋಯಿತು. ಡಡ್ಲಿಯಲ್ಲಿ ಅಂತ್ಯಕ್ರಿಯೆ ನಡೆದ ದಿನ ಸಾವಿರಾರು ಜನ ಬೀದಿಯ ಇಕ್ಕೆಲಗಳಲ್ಲಿ ನಿಂತಿದ್ದರು. ತಂಗಿ ಕ್ಯಾರಲ್ ಆ್ಯನ್‌ಳ ಪಕ್ಕದಲ್ಲೇ ಆತನ ಸಮಾಧಿ ಇದೆ.

ಕುಟುಂಬಗಳಿಗೆ ಉಳಿದದ್ದು

ದುರಂತದ ನಂತರ ಮರ್ಫಿ ಅಳಿದುಳಿದವರನ್ನು ಕೂಡಿಸಿ ತಂಡ ಕಟ್ಟಿದ್ದು, ಬಸ್ಬಿ ಸಾವಿನ ದವಡೆಯಿಂದ ಪಾರಾಗಿ 1968ರಲ್ಲಿ ಯುರೋಪಿಯನ್ ಕಪ್ ಗೆದ್ದದ್ದು ಎಲ್ಲರೂ ಮೆಚ್ಚುವ ಕಥೆ. ಅದರ ಪಕ್ಕದಲ್ಲೇ ಅಷ್ಟಾಗಿ ಹೇಳದ ಇನ್ನೊಂದು ಕಥೆ ಇದೆ. ಬದುಕುಳಿದರೂ ಮತ್ತೆ ಆಡಲಾಗದ ಜಾಕಿ ಬ್ಲಾಂಚ್‌ಫ್ಲವರ್ ಮತ್ತು ಜಾನಿ ಬೆರಿ ಕ್ಲಬ್ ಒಡೆತನದ ಮನೆಗಳನ್ನು ತೆರವು ಮಾಡಬೇಕಾಯಿತು. ಹೊಸ ಆಟಗಾರರಿಗೆ ಮನೆ ಬೇಕಿತ್ತು. ಸಂತ್ರಸ್ತರ ನೆರವಿಗಾಗಿ ಓಲ್ಡ್ ಟ್ರಾಫರ್ಡ್‌ನಲ್ಲಿ ದೊಡ್ಡ ಸಹಾಯಾರ್ಥ ಪಂದ್ಯ ನಡೆದದ್ದು ನಲವತ್ತು ವರ್ಷಗಳ ನಂತರ, 1998ರಲ್ಲಿ. ಅದರಿಂದ ಪ್ರತಿ ಫಲಾನುಭವಿಗೆ ಸಿಕ್ಕಿದ್ದು ಸುಮಾರು 47 ಸಾವಿರ ಪೌಂಡ್.

ಪ್ರೀತಿ, ಆರೈಕೆ, ಕ್ಲಬ್ ಒಂದು ಕುಟುಂಬವೆಂಬ ಭಾವನೆ ಇವೆಲ್ಲ ಸುಳ್ಳಾಗಿರಲಿಲ್ಲ. ಆದರೆ ಅವೆಲ್ಲ ವ್ಯಕ್ತಿಗಳ ಒಳ್ಳೆಯತನದ ಮೇಲೆ ನಿಂತಿದ್ದವೇ ಹೊರತು ಹಕ್ಕಿನ ರೂಪದಲ್ಲಿ ಕಾಗದದ ಮೇಲೆ ಇರಲಿಲ್ಲ. ಆಡುವವರೆಗೆ ಮನೆಯ ಮಗ, ಆಡಲಾಗದ ದಿನ ಬಾಡಿಗೆದಾರ ಎಂಬ ಸ್ಥಿತಿ ಹುಟ್ಟಿದ್ದು ಈ ಕೊರತೆಯಿಂದಲೇ.

ಬದಲಾವಣೆ ಬಂದದ್ದು ನಿಧಾನವಾಗಿ. ಆಟಗಾರರ ಸಂಘದ ಹೋರಾಟದಿಂದ 1961ರಲ್ಲಿ ಗರಿಷ್ಠ ಸಂಬಳದ ಮಿತಿ ರದ್ದಾಯಿತು. ಜಾರ್ಜ್ ಈಸ್ಟ್‌ಹ್ಯಾಮ್ ಹೂಡಿದ ದಾವೆಯಲ್ಲಿ 1963ರಲ್ಲಿ ಬಂದ ತೀರ್ಪು, ಆಟಗಾರರನ್ನು ಕಟ್ಟಿಹಾಕುವ ಪದ್ಧತಿಗೆ ಪೆಟ್ಟು ನೀಡಿತು. 2012ರಲ್ಲಿ ಜಾರಿಗೆ ಬಂದ ಯುವ ಆಟಗಾರರ ಅಭಿವೃದ್ಧಿ ಯೋಜನೆಯು ಇಂಗ್ಲೆಂಡಿನ ಅಕಾಡೆಮಿಗಳನ್ನು ಶ್ರೇಣಿಗಳಾಗಿ ವಿಂಗಡಿಸಿ, ಮಕ್ಕಳ ಓದು ಮತ್ತು ಕ್ಷೇಮವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಆದರೂ ಅಕಾಡೆಮಿ ಸೇರುವ ಮಕ್ಕಳಲ್ಲಿ ಬಹುತೇಕರು ವೃತ್ತಿಪರ ಹಂತ ತಲುಪುವುದಿಲ್ಲ. ಡಂಕನ್ ಕಲಿಯಲು ಹೊರಟಿದ್ದ ಬಡಗಿ ಕೆಲಸದ ಹಿಂದಿನ ವಿವೇಕ ಅವರಿಗೆ ಇಂದಿಗೂ ಅಗತ್ಯ.

ಡಡ್ಲಿಯ ಸೇಂಟ್ ಫ್ರಾನ್ಸಿಸ್ ಚರ್ಚ್‌ನಲ್ಲಿ 1961ರಲ್ಲಿ ಡಂಕನ್ ಸ್ಮರಣೆಯ ಬಣ್ಣದ ಗಾಜಿನ ಕಿಟಕಿಯನ್ನು ಬಸ್ಬಿ ಅನಾವರಣ ಮಾಡಿದರು. 1999ರಲ್ಲಿ ಪಟ್ಟಣದ ನಡುವೆ ಪ್ರತಿಮೆ ನಿಂತಿತು. ಅನಾವರಣಕ್ಕೆ ವೃದ್ಧ ತಾಯಿ ಸಾರಾ ಆ್ಯನ್ ಬಂದಿದ್ದರು, ಜೊತೆಗೆ ಬಾಬಿ ಚಾರ್ಲ್ಟನ್. ತಂದೆ ಗ್ಲ್ಯಾಡ್‌ಸ್ಟನ್ ಮಾತ್ರ ಬೇರೆಯೇ ರೀತಿಯಲ್ಲಿ ಮಗನ ಸಮೀಪ ಉಳಿದಿದ್ದರು. ಕಾರ್ಖಾನೆಯ ಕೆಲಸ ಬಿಟ್ಟು, ಮಕ್ಕಳಿಬ್ಬರೂ ಮಲಗಿದ್ದ ಅದೇ ಸ್ಮಶಾನದಲ್ಲಿ ಅವರು ತೋಟದ ಕೆಲಸಕ್ಕೆ ಸೇರಿಕೊಂಡಿದ್ದರು.